ಹಾಫೀಜ್ ಸಾಹೇಬರ ಮೂಗು

ಇಳಿಹೊತ್ತಿನ ಅಸರ್ ನಮಾಜಿನ ಮೂರನೆಯ ರಕಾತಿನಲ್ಲಿ ದನಿ ಬದಲಾಯಿತು. ಈರುಳ್ಳಿ ಹೆಚ್ಚುತ್ತಿದ್ದ ಆಬೇದಾ ಚಾಕುವನ್ನು ಅಲ್ಲೇ ಒಗೆದು ಎದ್ದಳು. ಬಚ್ಚಲಿಗೆ ಬಿಸಿನೀರು ಹೊಯ್ದಳು, ಗೂಟಕ್ಕೆ ತೊಳೆದ ಪೈಜಾಮ ಹಾಕಿದಳು, ಹಿತ್ತಿಲ ಬಾಗಿಲಿನ ಚಿಲಕ ತೆಗೆದಳು. ಅಷ್ಟು ಮಾಡುವುದರೊಳಗೆ ಗೋಡೆಯಾಚೆ ಮುಸ್ತಕೀಮ ನಾಲ್ಕನೆಯ ರಕಾತಿಗೆ ಎದ್ದಿದ್ದ.

ಮನೆಗೂ ಮಸೀದಿಗೂ ನಡುವೆ ಒಂದೇ ಗೋಡೆ. ಭಾಲ್ಕಿಯ ಆ ಹಳೆಯ ಮೊಹಲ್ಲಾದಲ್ಲಿ ಇಮಾಮರಾದವರಿಗೆ ಇರಲಿಕ್ಕೆ ಕೊಡುವ ಎರಡು ಕೋಣೆಯ ಮನೆ ಅದು. ಅಸರ್‌ನಲ್ಲಿ ಕುರಾನನ್ನು ಗಟ್ಟಿಯಾಗಿ ಓದುವುದಿಲ್ಲ. ನಿಂತು, ಬಾಗಿ, ಹಣೆ ನೆಲಕ್ಕೆ ಮುಟ್ಟಿಸುವ ಒಂದು ಸುತ್ತಿಗೆ ಒಂದು ರಕಾತು. ಬಾಗುವಾಗ, ಏಳುವಾಗ ಇಮಾಮರು ಹೇಳುವ ‘ಅಲ್ಲಾಹು ಅಕ್ಬರ್’ ಅಷ್ಟೇ ಸ್ಪೀಕರಿನಲ್ಲಿ ಕೇಳಿಸುತ್ತದೆ. ಆಬೇದಾಳಿಗೆ ಅಷ್ಟು ಸಾಕು. ಕುರಾನನ್ನು ಪೂರ್ತಿ ಬಾಯಿಪಾಠ ಮಾಡಿದ ಹಾಫೀಜ್, ಗಂಡ ಕುತುಬೋದ್ದೀನರ ದನಿಯನ್ನು ಇಪ್ಪತ್ತೆರಡು ವರ್ಷ ಈ ಗೋಡೆಯ ಮೂಲಕ ಕೇಳಿದ ಕಿವಿ. ಆ ದಪ್ಪ ದನಿ ನಿಂತು ಅವರ ಶಿಷ್ಯ ಮುಸ್ತಕೀಮನ ಎಳೆ ದನಿ ಬಂತೆಂದರೆ ಇಮಾಮರು ನಮಾಜಿನ ನಡುವೆಯೇ ಹಿಂದೆ ಸರಿದಿದ್ದಾರೆ, ಇನ್ನೊಂದು ನಿಮಿಷಕ್ಕೆ ಹಿತ್ತಿಲ ಬಾಗಿಲಲ್ಲಿರುತ್ತಾರೆ ಎಂದು ಅರ್ಥ.

ಬಂದರು. ಎಡಗೈ ಇನ್ನೂ ಮೂಗಿನ ಮೇಲೆಯೇ ಇತ್ತು.

“ಮೂಗ ಬಿಡ್ರಿ ಇನ್ನ,” ಎಂದಳು ಆಬೇದಾ. “ಮನಿ ಬಂತು.”

ಈ ಮೂಗಿನ ಸಂಗತಿ ಹೇಳಬೇಕು. ನಮಾಜಿಗೆ ನಿಲ್ಲುವ ಮೊದಲು ಕೈಕಾಲು ಮುಖ ತೊಳೆದು ಶುದ್ಧರಾಗುವುದು ವುಜೂ. ಹೊಟ್ಟೆಯ ಗಾಳಿ ಜಾರಿದರೂ ಅದು ಮುರಿಯುತ್ತದೆ. ಮುಂದೆ ನಿಂತ ಇಮಾಮರಿಗೇ ಹೀಗಾದರೆ ಅವರು ಮಾತಾಡದೆ ಹಿಂದಿನವನ ತೋಳು ಹಿಡಿದು ತಮ್ಮ ಜಾಗಕ್ಕೆ ಎಳೆದು, ತಾವು ಮೂಗು ಮುಚ್ಚಿಕೊಂಡು ಹೊರಗೆ ಹೋಗಬೇಕು. ಮೂಗು ಯಾಕೆ ಅಂತೀರಾ? ನೋಡಿದವರು ಮೂಗಿನಿಂದ ರಕ್ತ ಬಂದಿರಬೇಕು ಅಂದುಕೊಳ್ಳಲಿ, ಮನುಷ್ಯನ ಮಾನ ಉಳಿಯಲಿ ಅಂತ. ಎಷ್ಟು ದಯೆಯ ಪದ್ಧತಿ ನೋಡಿ! ಆದರೆ ಎರಡು ಮೂರು ವರ್ಷಕ್ಕೊಮ್ಮೆ ಯಾರಿಗೋ ಆಗುವ ಪೇಚಿಗೆ ಮಾಡಿದ ಪದ್ಧತಿ ಅದು. ವಾರಕ್ಕೆ ನಾಲ್ಕು ಸಲ ಮೂಗು ಹಿಡಿಯಬೇಕಾದವನ ಪಾಡು ಏನು ಅಂತ ಆ ಪದ್ಧತಿ ಮಾಡಿದವರು ಯೋಚಿಸಿರಲಿಕ್ಕಿಲ್ಲ.

ಐದು ವರ್ಷದ ಹಿಂದೆ ಕುತುಬೋದ್ದೀನರಿಗೆ ಖರೇನೇ ರಕ್ತ ಬೀಳಲು ಶುರುವಾಗಿತ್ತು, ಮೂಗಿನಿಂದಲ್ಲ. ಒಬ್ಬರು ಮೂಲವ್ಯಾಧಿ ಅಂದರು, ಇನ್ನೊಬ್ಬರು ಉಷ್ಣ ಅಂದರು. ಕೊನೆಗೆ ಹೈದರಾಬಾದಿನ ಡಾಕ್ಟರು ಕ್ಯಾಮೆರಾ ಹಾಕಿ ನೋಡಿ, ದೊಡ್ಡ ಕರುಳು ಉದ್ದಕ್ಕೂ ಹುಣ್ಣಾಗಿದೆ, ತೆಗೆಯದೆ ಬೇರೆ ದಾರಿಯಿಲ್ಲ ಅಂದರು. ತೆಗೆದರು. ಸಣ್ಣ ಕರುಳಿನ ತುದಿಯನ್ನೇ ಮಡಚಿ ಹೊಲಿದು ಒಳಗೊಂದು ಚೀಲ ಮಾಡಿದರು. ಅದು ಮಾಯುವವರೆಗೆ ಹೊಟ್ಟೆಯ ಬಲಗಡೆ ತೂತು, ತೂತಿಗೊಂದು ಬ್ಯಾಗ್. ಐದು ತಿಂಗಳು ಬಿಟ್ಟು ತೂತು ಮುಚ್ಚಿ, ಇನ್ನು ನೀವು ಎಲ್ಲರ ಹಾಗೆ ಅಂತ ಕಳಿಸಿಕೊಟ್ಟರು.

ಆ ಐದು ತಿಂಗಳನ್ನು ನೆನೆದರೆ ಆಬೇದಾಳಿಗೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ. ಗಂಡ ಹೊತ್ತಿಗೆ ಸರಿಯಾಗಿ ಉಂಡ, ಮಲಗಿದ, ಬಿಸಿಲಿಗೆ ಕೂತ. ಬ್ಯಾಗ್ ತುಂಬಿದರೆ ಖಾಲಿ ಮಾಡಿ ತೊಳೆಯುವುದು, ಅಷ್ಟೇ ಕೆಲಸ. ಕುತುಬೋದ್ದೀನರಿಗೆ ಮಾತ್ರ ಅದು ಸಾಯುವಷ್ಟು ಹೇಸಿಗೆ. ಹೇಸಿಗೆಗಿಂತ ಹೆಚ್ಚಿನ ಕಾರಣ ಇನ್ನೊಂದಿತ್ತು. ಹಾಗೆ ಯಾವಾಗ ಏನು ಹೊರಬರುತ್ತದೆಂದು ಹಿಡಿತವೇ ಇಲ್ಲದವನನ್ನು ಮಾಜೂರ್ ಅನ್ನುತ್ತಾರೆ. ಅವನ ಸ್ವಂತ ನಮಾಜಿಗೆ ಮಾಫಿ ಉಂಟು, ದೇವರು ಒಪ್ಪುತ್ತಾನೆ. ಆದರೆ ಅವನು ಇಮಾಮನಾಗಿ ಗಟ್ಟಿಮುಟ್ಟಾದವರ ಮುಂದೆ ನಿಲ್ಲುವ ಹಾಗಿಲ್ಲ. ಆ ಐದು ತಿಂಗಳು ಮುಸ್ತಕೀಮ ಮುಂದೆ ನಿಂತ, ಕುತುಬೋದ್ದೀನರು ಮನೆಯಲ್ಲಿ ಗೋಡೆ ನೋಡುತ್ತಾ ಓದಿಕೊಂಡರು.

ಬ್ಯಾಗ್ ಹೋದ ಮೊದಲ ಶುಕ್ರವಾರ ಮಸೀದಿ ಕಮಿಟಿಯ ಅಧ್ಯಕ್ಷ, ಸದರ್ ಅಬ್ದುಲ ಗಫೂರರು ಮೈಕಿನಲ್ಲಿ, ನಮ್ಮ ಹಾಫೀಜ್ ಸಾಹೇಬರು ಪೂರ್ತಿ ಗುಣವಾಗಿ ಬಂದಿದ್ದಾರೆ ಎಂದು ಹೇಳಿ ಎಲ್ಲರಿಗೂ ಖಜೂರ್ ಹಂಚಿದರು. ಬಸ್ ನಿಲ್ದಾಣದ ಹತ್ತಿರ ಕಬ್ಬಿಣ ಸಾಮಾನಿನ ಅಂಗಡಿಯಿದ್ದ ಗಫೂರರು ಒಳ್ಳೆಯವರು. ಆಬೇದಾ ಯಾವತ್ತೂ ಇಲ್ಲವೆಂದಿಲ್ಲ. ಒಳ್ಳೆಯವರಾಗಿದ್ದದ್ದೇ ಆಮೇಲೆ ಕಷ್ಟವಾಯಿತು.

ಎರಡೂವರೆ ವರ್ಷ ಚೆನ್ನಾಗೇ ಹೋಯಿತು. ದಿನಕ್ಕೆ ಆರು ಸಲ, ಏಳು ಸಲ ಸಂಡಾಸ. ಅದು ಈ ಚೀಲದವರಿಗೆ ಆರೋಗ್ಯವೇ ಅಂತೆ. ಹದಿನಾಲ್ಕು ತಿಂಗಳ ಹಿಂದೆ ಒಳಗಿನ ಚೀಲಕ್ಕೆ ಬಾವು ಬಂತು. ಜ್ವರ, ಹೊಟ್ಟೆ ಹಿಂಡುವ ನೋವು, ದಿನಕ್ಕೆ ಹದಿನಾರು ಸಲ ಸಂಡಾಸ. ಡಾಕ್ಟರು ಕೊಟ್ಟ ಮಾತ್ರೆಗೆ ಬಾಯೆಲ್ಲ ತುಕ್ಕು ನೆಕ್ಕಿದ ಹಾಗೆ. ಹದಿನೈದು ದಿನ ನುಂಗಿದರೆ ಇಳಿಯುತ್ತಿತ್ತು, ನಿಲ್ಲಿಸಿದ ಮೂರನೆಯ ವಾರಕ್ಕೆ ಮತ್ತೆ ಏರುತ್ತಿತ್ತು. ಜೊತೆಗೆ ಹೇಳದೆ ಕೇಳದೆ ಸೋರುವುದು ಶುರುವಾಯಿತು. ಚರ್ಮ ಕಿತ್ತು ಕೆಂಪಾಗಿ, ನೀರು ಮುಟ್ಟಿಸಿದರೆ ಹಲ್ಲು ಕಚ್ಚುತ್ತಿದ್ದರು. ಆಬೇದಾ ತನ್ನ ಹಳೆಯ ಹತ್ತಿ ಓಢಣಿಗಳನ್ನು ಕತ್ತರಿಸಿ, ನಾಲ್ಕು ಪದರ ಮಡಚಿ ಹೊಲಿದು, ಒಳಗೆ ಇಟ್ಟುಕೊಳ್ಳಲಿಕ್ಕೆ ಬಟ್ಟೆ ಮಾಡಿಕೊಟ್ಟಳು.

ಆ ಬಟ್ಟೆ ಒಗೆದು ಒಣಹಾಕುವುದೊಂದು ಫಜೀತಿ. ಹೆಂಗಸರು ತಮ್ಮ ತಿಂಗಳ ಬಟ್ಟೆಯನ್ನು ಒಣಹಾಕುವ ಹಾಗೆ ಮೇಲೊಂದು ಸೀರೆ ಮುಚ್ಚಿ ಹಾಕುತ್ತಿದ್ದಳು. ಪಕ್ಕದ ಮನೆಯ ಮರಿಯಮಬೀ ಹಗ್ಗವನ್ನು ಎರಡು ತಿಂಗಳು ಸುಮ್ಮನೆ ನೋಡಿದರು. ಮೂರನೆಯ ತಿಂಗಳು ಗೋಡೆಯ ಮೇಲಿಂದ ಬಗ್ಗಿ, ನಲವತ್ತಾರು ದಾಟಿದ ಮೇಲೂ ಇಷ್ಟು ಹೋಗುವುದು ಒಳ್ಳೆಯದಲ್ಲ, ಗರ್ಭಕೋಶ ತೋರಿಸಿಕೋ ಎಂದು ಕಿವಿಮಾತು ಹೇಳಿ, ಯಾವುದೋ ಪುಡಿಯ ಪೊಟ್ಟಣ ಕೊಟ್ಟರು. ಆಬೇದಾ ಇಸಿದುಕೊಂಡಳು. ಗಂಡನ ನಾಚಿಕೆಯನ್ನು ತನ್ನ ಮೈಮೇಲೆ ಹಾಕಿಕೊಳ್ಳುವುದು ಅಷ್ಟೇನೂ ಕಷ್ಟವಾಗಲಿಲ್ಲ. ಪುಡಿಯನ್ನು ಮೋರಿಗೆ ಹಾಕಿದಳು.

ಅತ್ತ ಮಸೀದಿಯಲ್ಲಿ ಮೂಗಿನ ಉಪಚಾರ. ಗರಿಕೆಯ ರಸ ಹಿಂಡಿ ತಂದವರೆಷ್ಟು, ನೆತ್ತಿಗೆ ತಣ್ಣೀರು ಬಡಿಯಿರಿ ಅಂದವರೆಷ್ಟು. ಗುಲ್ಕಂದದ ಆರು ಭರಣಿ ಮನೆಯಲ್ಲಿ ಸಾಲಾಗಿ ಕೂತವು. ಕುತುಬೋದ್ದೀನರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಸುಳ್ಳಾಡಲು ಬಾರದ ಮನುಷ್ಯ. ನೆಲ ನೋಡುತ್ತಾ ‘ಅಲ್ಲಾ ನಿಮಗೆ ಒಳ್ಳೇದು ಮಾಡಲಿ’ ಎಂದು ಭರಣಿ ಹಿಡಿದುಕೊಂಡು ಬರುತ್ತಿದ್ದರು.

ಇಷ್ಟಕ್ಕೆ ನಿಂತಿದ್ದರೆ ಆಬೇದಾ ನಕ್ಕು ಬಿಡುತ್ತಿದ್ದಳು. ನಗು ಬರದ ಸಂಗತಿ ಬೇರೆ ಇತ್ತು. ಒಂದು ನಮಾಜಿನ ಹೊತ್ತಿನಲ್ಲಿ ವುಜೂ ಮಾಡಿ ನಾಲ್ಕು ರಕಾತು ಮುಗಿಸುವಷ್ಟು ಶುದ್ಧ ಸಮಯ ಸಿಗುವವರೆಗೆ ಮನುಷ್ಯ ಮಾಜೂರ್ ಅಲ್ಲ. ಹನ್ನೆರಡು ನಿಮಿಷ ಸಿಕ್ಕರೆ ಸಾಕು, ಇಮಾಮನಾಗಿ ಉಳಿಯಬಹುದು. ಆ ಹನ್ನೆರಡು ನಿಮಿಷಕ್ಕಾಗಿ ಕುತುಬೋದ್ದೀನರು ಉಣ್ಣುವುದನ್ನೇ ಬಿಟ್ಟರು. ಹೊಟ್ಟೆಗೆ ಹಾಕಿದರಲ್ಲವೇ ಬರುವುದು? ಬೆಳಗಿನ ಫಜರ್‌ನಿಂದ ರಾತ್ರಿಯ ಇಶಾ ನಮಾಜು ಮುಗಿಯುವವರೆಗೆ ಒಂದು ತುತ್ತಿಲ್ಲ, ನಾಲಿಗೆ ಅಂಟಿದಾಗ ಒಂದು ಗುಟುಕು ನೀರು. ಇಶಾ ಮುಗಿಸಿ ಬಂದು ಮೆತ್ತನ್ನ ಖಿಚಡಿ ಉಂಡು, ಇರುಳೆಲ್ಲ ಸಂಡಾಸಿಗೆ ಎದ್ದು ಬಿದ್ದು ಓಡಾಡಿ, ಫಜರ್‌ಗೆ ಖಾಲಿಯಾಗಿ ನಿಲ್ಲುವುದು. ಎಪ್ಪತ್ತು ಕಿಲೋ ಇದ್ದ ಮನುಷ್ಯ ಐವತ್ತೊಂದಕ್ಕೆ ಬಂದರು. ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ಉಚ್ಚೆ ಚಹಾದ ಬಣ್ಣಕ್ಕೆ ತಿರುಗಿತ್ತು. ಈ ಸಲದ ರಮಜಾನಿನಲ್ಲಿ ಇರುಳಿನ ಉದ್ದದ ತರಾವೀಹ್ ನಮಾಜನ್ನು, ಹುಡುಗ ಕಲಿಯಲಿ ಎಂದು ಮುಸ್ತಕೀಮನಿಗೆ ಬಿಟ್ಟುಕೊಟ್ಟರು. ಎಂಥ ದೊಡ್ಡ ಮನಸ್ಸು ಎಂದು ಊರು ಹೊಗಳಿತು.

ಔರಾದಿನಲ್ಲಿ ಆಬೇದಾಳ ಅಣ್ಣನ ಮಗಳ ಮದುವೆಗೆ ಹೋದದ್ದೇ ಕೊನೆ, ಆಮೇಲೆ ಅವರು ಬಸ್ಸು ಹತ್ತಲಿಲ್ಲ. ಭಾಲ್ಕಿಯಿಂದ ಕಮಲನಗರದವರೆಗೆ ರೈಲಿನಲ್ಲಿ ಹೇಗೋ ಆಯಿತು, ರೈಲಿನಲ್ಲಿ ಸಂಡಾಸ ಇರುತ್ತದೆ. ಅಲ್ಲಿಂದ ಮುಂದೆ ಬಸ್ಸು. ಎರಡು ಸಲ ನಿಲ್ಲಿಸಿದ ಡ್ರೈವರ್ ಮೂರನೆಯ ಸಲ ನಿಲ್ಲಿಸಲಿಲ್ಲ. ತೊಗರಿ ಹೊಲ ಕಂಡಲ್ಲಿ ಇಳಿಸಿ ಎಂದು ಬಿಳಿ ಗಡ್ಡದ ಮನುಷ್ಯ ಕೈಮುಗಿದದ್ದನ್ನು ಆಬೇದಾ ನೋಡಿದಳು. ಮದುವೆಯ ಮನೆಗೆ ಅವರು ಅವಳ ಬುರ್ಖಾವನ್ನು ಸೊಂಟಕ್ಕೆ ಸುತ್ತಿಕೊಂಡು ಬಂದರು.

ಆ ವಾರವೇ ಅವಳು ಹಟ ಹಿಡಿದು ಹೈದರಾಬಾದಿಗೆ ಕರೆದುಕೊಂಡು ಹೋದಳು. ಮೂರು ಬಗೆಯ ಮಾತ್ರೆ ಬದಲಾಯಿಸಿ ಆಯಿತು, ಚೀಲ ಇನ್ನು ಸುಧಾರಿಸುವುದಿಲ್ಲ ಎಂದರು ಡಾಕ್ಟರು. ಅದನ್ನು ತೆಗೆದು ಮತ್ತೆ ಹೊಟ್ಟೆಯ ಮೇಲೆ ಬ್ಯಾಗ್ ಇಡಬೇಕು, ಈ ಸಲ ಜೀವಮಾನಕ್ಕೆ. ಇಟ್ಟರೆ ಉಣ್ಣಬಹುದು, ಓಡಾಡಬಹುದು. ಇಲ್ಲದಿದ್ದರೆ ಹೀಗೇ ಒಣಗಿ ಒಂದು ದಿನ ಕಿಡ್ನಿ ಹೋಗುತ್ತದೆ. ಕುತುಬೋದ್ದೀನರು ಎಲ್ಲ ಕೇಳಿ, ಶುಕ್ರಿಯಾ ಎಂದು ಎದ್ದು ಬಂದರು.

“ಬ್ಯಾಗ್ ಹಾಕಿಸ್ಕೊಂಡ್ರ ಜೀವಾ ಉಳೀತದ ಅಂತಾರಲ್ರಿ,” ಎಂದಳು ಆಬೇದಾ ಮನೆಗೆ ಬಂದ ಮೇಲೆ. “ಮತ್ಯಾಕ ಒಲ್ಲೆ ಅಂತೀರಿ?”

“ಬ್ಯಾಗ್ ಬಂತಂದ್ರ ನಾ ಸಾಯೂತನಕ ಮಾಜೂರ. ಮುಂದ ನಿಂದರೂದು ಮುಗೀತು.”

“ಹಿಂದ ನಿಂತ್ರ ಅಲ್ಲಾ ಕೇಳಂಗಿಲ್ಲೇನು?”

ಕುತುಬೋದ್ದೀನರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಅವನು ಕೇಳ್ತಾನ. ನನಗ ಬ್ಯಾರೆ ಏನೂ ಬರಂಗಿಲ್ಲ, ಆಬೇದಾ. ಒಂಬತ್ತು ವರ್ಷದಾಂವ ಇದ್ದಾಗಿಂದ ಇದೊಂದೇ ಕಲ್ತೇನಿ.”

ಅವಳಿಗೆ ಸಿಟ್ಟು ನೆತ್ತಿಗೇರಿತು. ಈ ಮನುಷ್ಯ ಅವರಿವರ ನಾಲ್ಕು ರಕಾತಿಗಾಗಿ ತನ್ನ ಮೈಯನ್ನು ಕೊಲ್ಲುತ್ತಿದ್ದಾನೆ, ತಾನು ನೋಡುತ್ತಾ ಬಟ್ಟೆ ಒಗೆಯಬೇಕು. ಅವತ್ತಿನಿಂದ ಅವಳು ಒಂದೇ ಬೇಡಿಕೊಂಡಳು: ಹೇಗಾದರೂ ಈ ಇಮಾಮತ್ ತಪ್ಪಲಿ, ಬ್ಯಾಗ್ ಬರಲಿ. ಯಾ ಅಲ್ಲಾ, ಇವರನ್ನು ಆ ಜಾಗದಿಂದ ಇಳಿಸು. ಮಸೀದಿಯ ಗೋಡೆಗೆ ಬೆನ್ನು ಹಚ್ಚಿ ಕೂತು ಇಮಾಮನ ಹೆಂಡತಿ ಬೇಡುವ ಬೇಡಿಕೆಯೇ ಇದು? ಬೇಡಿದಳು.

ಅವಳ ಬೇಡಿಕೆ ನಡೆಸಿಕೊಡಲು ಬಂದವರು ಅಬ್ದುಲ ಗಫೂರರೇ. ಹಾಫೀಜ್ ಸಾಹೇಬರು ದಿನದಿಂದ ದಿನಕ್ಕೆ ಇಳಿಯುತ್ತಿದ್ದಾರೆ, ಇಷ್ಟು ರಕ್ತ ಹೋದರೆ ಇಳಿಯದೆ ಇನ್ನೇನು, ಇನ್ನು ಮನೆಮದ್ದು ಸಾಕು ಎಂದು ತೀರ್ಮಾನಿಸಿ, ಬೀದರಿನಲ್ಲಿ ಮೂಗು ಗಂಟಲಿನ ದೊಡ್ಡ ಡಾಕ್ಟರ ಹತ್ತಿರ ಹೆಸರು ಬರೆಸಿಯೇ ಬಿಟ್ಟರು. ಒಲ್ಲೆ ಅನ್ನಲಿಕ್ಕೆ ಕುತುಬೋದ್ದೀನರಿಗೆ ಒಂದು ನೆಪವೂ ಹೊಳೆಯಲಿಲ್ಲ. ಬುಧವಾರ ಬೆಳಿಗ್ಗೆ ಗಫೂರರು ತಾವೇ ಕಾರು ತಂದರು. ಮುಂದೆ ಹಾಫೀಜರು, ಹಿಂದೆ ಆಬೇದಾ. ಹಿಂದಿನ ರಾತ್ರಿಯ ಖಿಚಡಿಯನ್ನೂ ಬಿಟ್ಟಿದ್ದ ಕಾರಣ ದಾರಿಯಲ್ಲಿ ಒಂದೇ ಸಲ ನಿಲ್ಲಿಸಬೇಕಾಯಿತು.

ಡಾಕ್ಟರು ಮೂಗಿನೊಳಗೆ ದೀಪ ಹಾಕಿ ನೋಡಿದರು. ಒಂದು ಹೊಳ್ಳೆ, ಇನ್ನೊಂದು ಹೊಳ್ಳೆ, ಮತ್ತೆ ಮೊದಲನೆಯದು. ಕೊನೆಯ ಸಲ ರಕ್ತ ಬಂದದ್ದು ಯಾವಾಗ ಎಂದು ಕೇಳಿದರು.

“ಬಂದಿಲ್ರಿ,” ಎಂದರು ಕುತುಬೋದ್ದೀನರು.

ಡಾಕ್ಟರಿಗೆ ತಿಳಿಯಲಿಲ್ಲ. ಗಫೂರರಿಗೆ ಅದಕ್ಕಿಂತ ತಿಳಿಯಲಿಲ್ಲ. ಹಾಫೀಜರು ಸಂಡಾಸ ಎಲ್ಲಿದೆ ಎಂದು ಕೇಳಿ ಎದ್ದು ಹೋದರು. ಹೊರಗಿನ ಬೆಂಚಿನ ಮೇಲೆ ಗಫೂರರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಮೂಗಿನಲ್ಲಿ ಏನೂ ಇಲ್ಲವೆಂದರೆ ತಲೆಯೊಳಗೇ ಏನೋ ಆಗಿದೆ, ಪಾಪ, ಬಂದದ್ದೂ ಅವರಿಗೆ ನೆನಪಿರುತ್ತಿಲ್ಲ. ನಾಳೆಯೇ ಹೈದರಾಬಾದಿಗೆ ಕರೆದೊಯ್ದು ತಲೆ ಸ್ಕ್ಯಾನ್ ಮಾಡಿಸೋಣ, ನಾನಿದ್ದೇನೆ ಭಾಬಿ, ನೀವು ಹೆದರಬೇಡಿ ಎಂದರು.

ಆಬೇದಾಳಿಗೆ ಅಲ್ಲಿ ತಡೆಯಲಾಗಲಿಲ್ಲ. ಇಷ್ಟು ಪ್ರೀತಿಯ ಮನುಷ್ಯನಿಗೆ ಹೇಳದೆ ಇನ್ಯಾರಿಗೆ ಹೇಳುವುದು ಅನ್ನಿಸಿತು. ಹೇಳಿದಳು. ಚೀಲ, ಬಾವು, ಸೋರುವುದು, ಓಢಣಿ ಕತ್ತರಿಸಿದ್ದು, ಹನ್ನೆರಡು ನಿಮಿಷದ ಲೆಕ್ಕ, ಉಪವಾಸ, ಹೈದರಾಬಾದಿನ ಡಾಕ್ಟರು ಹೇಳಿದ್ದು ಎಲ್ಲ ಹೇಳಿದಳು. ನೀವಾದರೂ ಅವರಿಗೆ ಬುದ್ಧಿ ಹೇಳಿ, ನಿಮ್ಮ ಮಾತು ಮೀರುವುದಿಲ್ಲ ಎಂದು ಬುರ್ಖಾದೊಳಗೇ ಅತ್ತಳು. ಗಫೂರರು ಪೂರ್ತಿ ಕೇಳಿದರು. ನಡುವೆ ಎರಡು ಸಲ ‘ಯಾ ಅಲ್ಲಾ’ ಅಂದರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು.

“ಇದು ಯಾವಾಗಿಂದ, ಭಾಬಿ?”

“ಹದಿನಾಲ್ಕು ತಿಂಗಳಾತ್ರಿ,” ಎಂದಳು ಆಬೇದಾ. ಎಷ್ಟು ದಿನದಿಂದ ನರಳುತ್ತಿದ್ದಾರೆ ಎಂದು ಕೇಳುತ್ತಿದ್ದಾರೆ ಅಂದುಕೊಂಡಳು. ಹುಚ್ಚಿ.

ಆಮೇಲಿನದು ಬಹಳ ಮರ್ಯಾದೆಯಿಂದ ನಡೆಯಿತು. ಹತ್ತು ದಿನಕ್ಕೆ ಕಮಿಟಿಯವರು ಮನೆಗೇ ಬಂದರು. ಹಾಫೀಜ್ ಸಾಹೇಬರು ಇನ್ನು ವಿಶ್ರಾಂತಿ ತೆಗೆದುಕೊಳ್ಳಬೇಕು, ಮೊಹಲ್ಲಾದ ಮಕ್ಕಳೆಲ್ಲ ಅವರ ಮಕ್ಕಳೇ, ಮನೆ ಬೇರೆ ಸಿಗುವವರೆಗೆ ಇಲ್ಲೇ ಇರಲಿ ಎಂದರು. ಶಾಲು ಹೊದಿಸಿದರು. ಕಾರಣ ಯಾರೂ ಹೇಳಲಿಲ್ಲ, ಕುತುಬೋದ್ದೀನರೂ ಕೇಳಲಿಲ್ಲ. ಅವರು ಹೋದ ಮೇಲೆ ಶಾಲು ಮಡಚಿ ಪೆಟ್ಟಿಗೆಯಲ್ಲಿಟ್ಟು, ನೀನೇ ಹೇಳಿದೆಯಾ ಎಂದು ಹೆಂಡತಿಯನ್ನು ಕೇಳಿದರು. ನಾನೇ ಹೇಳಿದ್ದು ಎಂದಳು. ಅವರು ಬೈಯಲಿಲ್ಲ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಬಂದು ತಾಟಿನ ಮುಂದೆ ಕೂತು, ಏನಾದರೂ ಬಡಿಸು ಎಂದರು. ಹದಿನಾಲ್ಕು ತಿಂಗಳಲ್ಲಿ ಅವರು ಬೆಳಕಿದ್ದಾಗ ಉಂಡದ್ದು ಅದೇ ಮೊದಲು. ಹೈದರಾಬಾದಿಗೆ ಫೋನು ಮಾಡಿ ಮುಂದಿನ ಗುರುವಾರಕ್ಕೆ ಆಪರೇಶನ್ನಿನ ದಿನ ಹಿಡಿಸಿದ್ದೂ ಅವರೇ.

ಗೆದ್ದೆ ಅಂದುಕೊಂಡಳು ಆಬೇದಾ. ಮುಸ್ತಕೀಮನ ದನಿ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಬರುತ್ತಿತ್ತು, ಅವಳು ನಿಶ್ಚಿಂತೆಯಾಗಿ ಈರುಳ್ಳಿ ಹೆಚ್ಚುತ್ತಿದ್ದಳು.

ಆ ಶುಕ್ರವಾರದ ಮಧ್ಯಾಹ್ನ ಜುಮ್ಮಾ ನಮಾಜು ಮುಗಿದು ಬಹಳ ಹೊತ್ತಾದರೂ ವುಜೂ ಮಾಡುವ ಅಂಗಳದಲ್ಲಿ ಚಪ್ಪಲಿಗಳು ಹಾಗೇ ಇದ್ದವು. ಆಬೇದಾ ಹಿತ್ತಿಲ ಬಾಗಿಲು ಸರಿಸಿ ನೋಡಿದಳು. ಒಳಗೆ ಮೂವತ್ತು ನಲವತ್ತು ಜನ ಅಲ್ಲಲ್ಲಿ ಒಬ್ಬೊಬ್ಬರೇ ನಿಂತು ನಮಾಜು ಮಾಡುತ್ತಿದ್ದರು. ಸಾಲಿಲ್ಲ, ಮುಂದೆ ಇಮಾಮನಿಲ್ಲ. ಒಂದು ಮುಗಿಸುವುದು, ಎದ್ದು ಇನ್ನೊಂದು ಶುರುಮಾಡುವುದು. ಮರಿಯಮಬೀಯ ಮಗ ಖಾಲಿದನೂ ಇದ್ದ. ಯಾವ ನಮಾಜಪ್ಪಾ ಇದು ಎಂದು ಗೋಡೆಯ ಮೇಲಿಂದ ಮರಿಯಮಬೀಯನ್ನು ಕೇಳಿದಳು. ಆ ಮುದುಕಿ ಸೆರಗು ಸರಿಮಾಡಿಕೊಂಡು, ಮುಖ ತಪ್ಪಿಸಿ ಹೇಳಿತು. ನಿಮ್ಮವರ ಹಿಂದೆ ಓದಿದ ನಮಾಜುಗಳು ಸಲ್ಲಿವೆಯೋ ಇಲ್ಲವೋ ಎಂದು ಜನಕ್ಕೆ ಗುಮಾನಿ. ಗಫೂರರು ಹೊಸ ಇಮಾಮನನ್ನು ಕೇಳಿದರಂತೆ. ಮುಸ್ತಕೀಮ, ಯಾವುದಕ್ಕೂ ಇರಲಿ, ತಿರುಗಿ ಓದಿಬಿಡಿ ಎಂದನಂತೆ.

ಮುಸ್ತಕೀಮ. ಚಿಂತಾಕಿ ಹಳ್ಳಿಯಿಂದ ಹರಿದ ಅಂಗಿಯಲ್ಲಿ ಬಂದು ಏಳು ವರ್ಷ ಇದೇ ಮನೆಯಲ್ಲಿ ಅವಳ ಕೈಯ ರೊಟ್ಟಿ ತಿಂದವನು. ಪ್ರತಿ ಸಲವೂ ಗುರು ತೋಳು ಹಿಡಿದು ಮುಂದಕ್ಕೆ ಎಳೆದದ್ದು ಅವನನ್ನೇ. ವುಜೂ ಮುರಿದ ಮೇಲೆ ಅವರು ಒಂದು ಕ್ಷಣವೂ ಮುಂದೆ ನಿಲ್ಲಲಿಲ್ಲ ಅನ್ನುವುದಕ್ಕೆ ಅವನಿಗಿಂತ ಬೇರೆ ಸಾಕ್ಷಿ ಯಾರು?

ಒಳಗೆ ಬಂದರೆ ಕುತುಬೋದ್ದೀನರು ಕಿಟಕಿಯ ಹತ್ತಿರ ಕೂತಿದ್ದರು. ಅವರಿಗೆ ಮೊದಲೇ ಗೊತ್ತಿತ್ತು, ನಿನ್ನೆಯಿಂದಲೇ ನೋಡುತ್ತಿದ್ದರಂತೆ.

“ಬರೇ ಗುಮಾನಿ ಮ್ಯಾಲ ನಮಾಜು ಕೆಡಂಗಿಲ್ಲ,” ಎಂದರು ಮೆಲ್ಲಗೆ. “ಇದು ನಾನೇ ಕಲಿಸೇನಿ ಅವಗ.”

“ಅಂವ ನಿಮ್ಮ ಜಾಗಾದಾಗಿದ್ದಾನ. ಜನ ಕೇಳಿದ್ರ ನೀವೂ ಹಂಗೇ ಹೇಳ್ತಿದ್ರಿ,” ಎಂದಳು ಅವಳು, ಯಾರ ಮೇಲಾದರೂ ಸಿಟ್ಟು ಹಾಕಬೇಕಾಗಿತ್ತು.

“ಇಲ್ಲ. ನಾನಾದ್ರ ಮೊದಲ ಆ ಮನಷ್ಯಾನ್ನ ಹೋಗಿ ಕೇಳ್ತಿದ್ದೆ.”

ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ಸಲಾಮ್ ಕೇಳಿಸಿತು. ಮುಸ್ತಕೀಮ, ಅವನ ಹಿಂದೆ ಗಫೂರರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಮುಸ್ತಕೀಮ ಮೊಬೈಲು ಹಿಡಿದುಕೊಂಡು ಹೊಸ್ತಿಲನ್ನೇ ನೋಡುತ್ತಾ ಮಾತಾಡಿದ. ನಮ್ಮ ಗುರು ಹಜ್ರತ್‌ರಿಗೆ ತೊಂದರೆ ಕೊಡುವುದು ಬೇಡ ಎಂದು, ಖಾಲಾ, ನಿಮ್ಮನ್ನೇ ಕೇಳಲು ಬಂದೆವು ಎಂದ. ಜನ ಎಲ್ಲಿಂದ ಎಣಿಸಬೇಕು ಎಂದು ಕೇಳುತ್ತಿದ್ದಾರೆ, ಹದಿನಾಲ್ಕು ತಿಂಗಳು ಎಂದಿರಂತೆ, ಸರಿಯಾದ ತಾರೀಖು ಸಿಕ್ಕರೆ ಯಾರಿಗೂ ಹೆಚ್ಚುಕಡಿಮೆ ಆಗುವುದಿಲ್ಲ ಎಂದ.

ಬೀದರಿನ ಬೆಂಚಿನ ಮೇಲೆ ಗಫೂರರು ‘ಯಾವಾಗಿಂದ’ ಎಂದು ಕೇಳಿದ್ದು ಏನನ್ನು ಎಂಬುದು ಆಬೇದಾಳಿಗೆ ಆಗ ತಿಳಿಯಿತು.

“ತಾರೀಖು ಬೇಕೇನು? ಬರ್ಕೋ,” ಎಂದಳು. “ಇಪ್ಪತ್ತೆರಡು ವರ್ಷದ ಹಿಂದ ಈ ಮಸೀದಿಗಿ ಯಾವತ್ತ ಬಂದ್ರೋ ಅವತ್ತಿನಿಂದ ಎಲ್ಲಾ ತಿರುಗಿ ಓದ್ರಿ. ನೀ ಕುರಾನ ಕಲ್ತದ್ದೂ ಅವರ ಹಂತ್ಯಾಕೇ, ಅದನ್ನೂ ಇನ್ನೊಮ್ಮಿ ಯಾರ ಹಂತ್ಯಾಕರೆ ಹೋಗಿ ಕಲಿ.”

ಮುಸ್ತಕೀಮ ತಲೆಯೆತ್ತಲಿಲ್ಲ. ಆಬೇದಾಳ ಬಾಯಿ ನಿಲ್ಲಲಿಲ್ಲ. ಹದಿನೆಂಟು ವರ್ಷ ‘ಗಫೂರಭಾಯಿ’ ಎಂದು ಓಢಣಿಯ ಮರೆಯಿಂದ ಮಾತಾಡಿದ ಮನುಷ್ಯನ ಮುಖವನ್ನು ಮೊದಲ ಸಲ ನೆಟ್ಟಗೆ ನೋಡಿದಳು.

“ನಿಮ್ಮ ಅಮ್ಮಾನ ಜನಾಜಾ ನಮಾಜು ಹೋದ ಚಳಿಗಾಲದಾಗ ಇವರೇ ಓದಿಸ್ಯಾರ್ರಿ, ಗಫೂರಭಾಯಿ. ಈ ಹದಿನಾಲ್ಕು ತಿಂಗಳ ಒಳಗೇ ಬರ್ತದದು. ಅದನ್ನ ಹ್ಯಾಂಗ ತಿರುಗಿ ಓದ್ತೀರಿ?”

ಇದು ಗಫೂರರಿಗೆ ಹೊಳೆದೇ ಇರಲಿಲ್ಲ. ತಮ್ಮ ನಮಾಜುಗಳನ್ನೆಲ್ಲ ಎಣಿಸಿದ್ದವರು ತಾಯಿಯನ್ನು ಮಣ್ಣು ಮಾಡುವ ಮೊದಲು ಓದಿದ್ದನ್ನು ಮರೆತಿದ್ದರು. ಚೌಕಟ್ಟು ಹಿಡಿದುಕೊಂಡು ನಿಂತರು.

ಒಳಗಿನಿಂದ ಕುತುಬೋದ್ದೀನರು ಎದ್ದು ಬಂದರು. ಹೆಂಡತಿಯ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಮುಸ್ತಕೀಮನಿಗೆ ಹೇಳಿದರು, ಕಾಯಿಲೆ ತಿರುಗಿ ಬಂದದ್ದು ಹೋದ ವರ್ಷ ಮೊಹರಮ್ ಇಪ್ಪತ್ತೊಂದಕ್ಕೆ, ಮಧ್ಯಾಹ್ನದ ಜೋಹರ್ ನಮಾಜಿನ ಹೊತ್ತಿಗೆ, ಅದಕ್ಕೂ ಮೊದಲಿನದನ್ನು ಯಾರೂ ಮುಟ್ಟುವುದು ಬೇಡ ಎಂದು. ಮಕ್ಕಳಿಗೆ ಪಾಠ ಹೇಳುವ ದನಿಯಲ್ಲೇ ಹೇಳಿದರು. ಮುಸ್ತಕೀಮ ಬರೆದುಕೊಂಡ. ಬರೆದುಕೊಂಡ, ಅಯೋಗ್ಯ, ಜೋಹರ್ ಅನ್ನುವುದನ್ನೂ ಬಿಡದೆ ಬರೆದುಕೊಂಡ.

ಆಮೇಲೆ ಕುತುಬೋದ್ದೀನರು ಗಫೂರರ ಕಡೆ ತಿರುಗಿದರು.

“ಅಮ್ಮಾನ ಜನಾಜಾ ಸರಿ ಆಗ್ಯಾದ. ಮನಸ್ಸಿಗಿ ಹಚ್ಕೋಬ್ಯಾಡ್ರಿ. ಅವರ ಸುದ್ದಿ ಬಂದಾಗಿಂದ ಮಣ್ಣು ಮಾಡೂತನಕ ಒಂದು ಹನಿ ನೀರು ಬಾಯಾಗ ಹಾಕಿದ್ದಿಲ್ಲ ನಾ. ವುಜೂ ಮುರದಿದ್ದಿಲ್ಲ. ಅಲ್ಲಾನ ಕಸಮ್.”

ಗಫೂರರು ಗಳಗಳನೆ ಅತ್ತರು. ಹಾಫೀಜರ ಎರಡೂ ಕೈ ಹಿಡಿದು ಮುತ್ತಿಟ್ಟು ಕಣ್ಣಿಗೆ ಒತ್ತಿಕೊಂಡರು. ನಿಮ್ಮ ಮಾತೇ ಸಾಕು, ನಿಮ್ಮ ಮಾತಿನ ಮೇಲೆ ನನಗೆ ಎಳ್ಳಷ್ಟೂ ಸಂಶಯವಿಲ್ಲ, ನನ್ನ ಅಮ್ಮನ ಆತ್ಮ ತಣ್ಣಗಾಯಿತು ಎಂದರು. ಗುರುವಾರ ಹೈದರಾಬಾದಿಗೆ ಕಾರು ನಾನೇ ತರುತ್ತೇನೆ ಎಂದರು.

ಹಾಗೆ ಅತ್ತು, ಕಣ್ಣೊರೆಸಿಕೊಂಡು, ನಲ್ಲಿಯ ಕೆಳಗೆ ಹೊಸದಾಗಿ ವುಜೂ ಮಾಡಿ ಮಸೀದಿಯ ಒಳಗೆ ಹೋದರು. ಮುಸ್ತಕೀಮನ ಮೊಬೈಲಿನಲ್ಲಿ ತಾರೀಖು ಇನ್ನೊಮ್ಮೆ ನೋಡಿಕೊಂಡರು. ಕಂಬದ ಪಕ್ಕ ಜಾಗ ಮಾಡಿಕೊಂಡು, ಮೊಹರಮ್ ಇಪ್ಪತ್ತೊಂದರ ಜೋಹರ್‌ನಿಂದ ತಿರುಗಿ ಓದಲು ಕೈಕಟ್ಟಿ ನಿಂತರು.